ಅಪ್ಪನಿಗೆ ಹೇಳಿದ ದಾರಿ

‘ಕಡವು’ ಪತ್ರಿಕೆಯಲ್ಲಿ ಊರಿಗೆ ಪತ್ರ ಬರೆಯುವವರ ಹೆಸರು ಅಚ್ಚಾಗಕೂಡದು ಎಂದು ಹುಯೆ ಅಕ್ಕ ಮೊದಲ ಸಂಚಿಕೆಯ ದಿನವೇ ಕಟ್ಟಪ್ಪಣೆ ಮಾಡಿದ್ದಳು. ಹೆಸರಿಲ್ಲ, ಕಾರ್ಖಾನೆಯಿಲ್ಲ, ಇರುವ ಬೀದಿಯಿಲ್ಲ. ಹುಟ್ಟಿದ ಊರು ಯಾವುದು, ಮನೆಯಲ್ಲಿ ಎಷ್ಟನೆಯ ಮಗು, ಅಷ್ಟೇ. ಏಳು ವರ್ಷ ಆ ಪತ್ರಿಕೆಯ ಒಂದೊಂದು ಅಕ್ಷರವನ್ನೂ ಕುಟ್ಟಿದವಳು ನಾನು, ಅದೂ ಎಂಟೇ ಬೆರಳಲ್ಲಿ. ಆ ನಿಯಮ ಒಂದೇ ಒಂದು ಸಲ ಮುರಿಯಿತು. ಮುರಿದದ್ದು ನಮ್ಮಿಬ್ಬರ ಕಣ್ಣಿಗೂ ಬೀಳಲಿಲ್ಲ. ಅದೊಂದನ್ನು ಬಿಟ್ಟು ಹುಯೆ ಅಕ್ಕನ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅಧಿಕಾರಿಗಳು ಅವಳಿಗೆ ಹೂಗುಚ್ಛ ಕೊಡುತ್ತಿರುವ ಫೋಟೋ ಇನ್ನೂ ಅಲ್ಲಲ್ಲಿ ಓಡಾಡುತ್ತಿದೆ. ನನಗೆ ಹಾಗೆ ಹೇಳಲು ಬರುವುದಿಲ್ಲ.

ನಮ್ಮ ಮೆಕಾಂಗ್ ನದಿಯ ಕಡೆ ಚೊಚ್ಚಲ ಮಗುವನ್ನು ಯಾರೂ ಒಂದನೆಯದು ಎನ್ನುವುದಿಲ್ಲ, ಎರಡನೆಯದು ಎನ್ನುತ್ತೇವೆ. ಒಂದು ಎಂದರೆ ದೆವ್ವಗಳಿಗೆ ಹೊಟ್ಟೆಕಿಚ್ಚು ಎಂದು ನನ್ನಜ್ಜಿ ಕಾರಣ ಕೊಡುತ್ತಿದ್ದಳು. ಅಲ್ಲಿಂದ ಮುಂದೆ ಮೂರು, ನಾಲ್ಕು, ಐದು. ಹೆಸರು ಹಿಡಿದು ಕರೆಯುವುದು ಜಗಳವಾದಾಗ ಮಾತ್ರ. ಹುಯೆ ಮನೆಗೆ ಹಿರಿಯವಳು, ಹಾಗಾಗಿ ಎಲ್ಲರಿಗೂ ಎರಡನೇ ಅಕ್ಕ. ನಾನು ಕೊನೆಯವಳು, ಕೊನೆಯವರಿಗೆ ಲೆಕ್ಕವೂ ಇಲ್ಲ, ಬರೀ ಸಣ್ಣಿ.

ಅವಳು ತೈವಾನಿಗೆ ಬಂದದ್ದು ತೊಂಬತ್ತೈದರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಗಾಂಗ್‌ಶಾನಿನ ಸ್ಕೂಟರ್ ರಿಪೇರಿಯ ಆ-ಕುನ್ ಎಂಬವನ ಹೆಂಡತಿಯಾಗಿ. ಅವನು ಅವಳಿಗಿಂತ ಹದಿನೇಳು ವರ್ಷ ದೊಡ್ಡವನು. ಸೈಗಾನಿನ ಹೋಟೆಲೊಂದರಲ್ಲಿ ಹನ್ನೊಂದು ಹುಡುಗಿಯರನ್ನು ಸಾಲಾಗಿ ಕೂರಿಸಿದ್ದರಂತೆ. ಅವನು ಕುಳಿತ ಕುರ್ಚಿಯ ಕಾಲು ಅಲ್ಲಾಡಿದಾಗ ಹತ್ತು ಜನ ತಲೆ ತಗ್ಗಿಸಿದರು, ಇವಳು ನಕ್ಕಳು. ಅದಕ್ಕೇ ಆರಿಸಿದೆ ಎಂದು ಅವನು ಹೇಳಿದರೆ, ಅದಕ್ಕೇ ಒಪ್ಪಿದೆ ಎಂದು ಇವಳು ಹೇಳುತ್ತಿದ್ದಳು. ಇಬ್ಬರೂ ಸುಳ್ಳು ಹೇಳುತ್ತಿದ್ದರು ಎಂದು ನನಗೆ ಗುಮಾನಿ, ಆದರೆ ಒಂದೇ ಸುಳ್ಳನ್ನು ಇಬ್ಬರೂ ಹೇಳುವ ಸಂಸಾರ ಕೆಟ್ಟದ್ದೇನಲ್ಲ.

ಅತ್ತೆ ಮಾತ್ರ ಗಟ್ಟಿ ಹೆಂಗಸು. “ಆ ನಾತದ ಬಾಟ್ಲಿ ಒಳಗೆ ಬಂದ್ರೆ ನಾನು ಆಚೆ ಹೋಗ್ತೀನಿ” ಎಂದು ಮೊದಲ ವಾರವೇ, ಮೀನನ್ನು ಉಪ್ಪಿನಲ್ಲಿ ಕೊಳೆಸಿ ಇಳಿಸಿದ ನಮ್ಮ ಮೀನುಸಾರಿನ ಬಾಟ್ಲಿಯನ್ನು ಹೊಸಿಲಾಚೆ ಇಟ್ಟಳು. ಹುಯೆ ಅಕ್ಕ ಅದನ್ನು ಅಂಗಡಿಯ ಎಂಜಿನ್ ಎಣ್ಣೆ ಡಬ್ಬಗಳ ನಡುವೆ ಬಚ್ಚಿಟ್ಟು, ಊಟದ ಹೊತ್ತಿಗೆ ತಟ್ಟೆ ಹಿಡಿದು ಅಲ್ಲಿಗೇ ಹೋಗುತ್ತಿದ್ದಳು. ಚೀನೀ ಅಕ್ಷರ ಕಲಿತದ್ದೂ ಅಲ್ಲೇ, ಮಗಳ ಒಂದನೇ ತರಗತಿ ಪುಸ್ತಕ ಇಟ್ಟುಕೊಂಡು. ಮಗಳು ಮೂರನೇ ತರಗತಿಗೆ ಹೋದಾಗ ತಾಯಿ ಐದನೆಯದರಲ್ಲಿದ್ದಳು.

ಪತ್ರಿಕೆ ಶುರುವಾದದ್ದು ನನ್ನ ಬೆರಳಿನಿಂದ. ನಾನೂ ಅವಳ ಹಾಗೆಯೇ ಮದುವೆಯಾಗಿ ಬಂದು ಸ್ಕ್ರೂ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಯಂತ್ರ ನನ್ನ ಎಡಗೈಯ ಎರಡು ಬೆರಳು ತಿಂದಿತು. ಆಸ್ಪತ್ರೆಯಲ್ಲಿ ಮೇಸ್ತ್ರಿ ಒಂದು ಕಾಗದ ಕೊಟ್ಟ. ಔಷಧಿಯ ಚೀಟಿ ಎಂದುಕೊಂಡು ಬಲಗೈಯಲ್ಲಿ ಸಹಿ ಹಾಕಿದೆ. ನನ್ನದೇ ಅಜಾಗರೂಕತೆಯಿಂದ ಹೀಗಾಯಿತು ಎಂದು ಅದರಲ್ಲಿ ಬರೆದಿತ್ತು. ಅದನ್ನು ಓದಿ ಹೇಳಿದವಳು ಪಕ್ಕದ ಮಂಚದಲ್ಲಿದ್ದ ತನ್ನ ಅತ್ತೆಗೆ ಗಂಜಿ ತಂದಿದ್ದ ಹುಯೆ ಅಕ್ಕ.

“ಓದೋಕೆ ಬರ್ದಿದ್ರೆ ಸಹಿ ಯಾಕೆ ಹಾಕ್ದೆ?”

“ಎಲ್ರೂ ನಿಂತು ನೋಡ್ತಿದ್ರು ಅಕ್ಕ.”

“ನೋಡ್ತಿರ್ಲಿ. ನೋಡೋರ್ಗೆಲ್ಲ ಸಹಿ ಹಾಕ್ತಾ ಹೋದ್ರೆ ನಿಂಗೆ ಹತ್ತು ಬೆರಳೂ ಸಾಲಲ್ಲ ಕಣೇ.”

ಅವಳ ಮೇಲೆ ಆ ಕ್ಷಣ ಬಂದಷ್ಟು ಸಿಟ್ಟು ನನಗೆ ಯಂತ್ರದ ಮೇಲೂ ಬಂದಿರಲಿಲ್ಲ. ಒಂದು ತಿಂಗಳಾದ ಮೇಲೆ ಅವಳು ಎರಡು ಹಾಳೆಯ ಜೆರಾಕ್ಸ್ ತಂದು ನನ್ನ ಮುಂದೆ ಹಿಡಿದಳು. ಸಹಿ ಹಾಕುವ ಮುಂಚೆ ಹುಡುಕಬೇಕಾದ ಹದಿನೈದು ಚೀನೀ ಪದಗಳು, ಪಕ್ಕದಲ್ಲಿ ನಮ್ಮ ಭಾಷೆಯ ಅರ್ಥ. ಮೇಲೆ ‘ಕಡವು’ ಎಂದು ಹೆಸರು, ದೋಣಿಗೆ ಕಾಯುವವರು ಕೂತು ಹರಟುವ ದಂಡೆಯ ಹೆಸರು. ನಾನು ಅವತ್ತೇ ಅವಳ ಜೊತೆ ಸೇರಿದೆ.

ಗ್ಯಾರೇಜಿನ ಹಿಂಭಾಗವೇ ಕಚೇರಿ. ಮುದ್ರಣದವನ ಯಂತ್ರಕ್ಕೆ ನಮ್ಮ ಲಿಪಿಯ ಕೊಂಬು, ಟೋಪಿ, ಚುಕ್ಕೆಗಳು ಬರುತ್ತಿರಲಿಲ್ಲ. ನಾನು ಬೋಳು ಅಕ್ಷರಗಳನ್ನು ಕುಟ್ಟುವುದು, ಅವಳು ಮೂಲ ಹಾಳೆಯ ಮೇಲೆ ಸಪೂರ ಪೆನ್ನು ಹಿಡಿದು ಒಂದೊಂದಕ್ಕೂ ಕೊಂಬು ಕೊಡುವುದು. ಒಂದು ಪುಟಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಆಮೇಲೆ ನಾವಿಬ್ಬರೂ ಸ್ಕೂಟರಿನಲ್ಲಿ ಕಟ್ಟು ಹೇರಿಕೊಂಡು ನಮ್ಮವರ ದಿನಸಿ ಅಂಗಡಿಗಳಿಗೆಲ್ಲ ಹಂಚಿ ಬರುತ್ತಿದ್ದೆವು. ನಾಲ್ಕು ವರ್ಷದಲ್ಲಿ ಎಂಟು ಪುಟವಾಯಿತು, ಹನ್ನೆರಡು ಸಾವಿರ ಪ್ರತಿಯಾಯಿತು, ನಮ್ಮ ಲಿಪಿ ಬರುವ ಕಂಪ್ಯೂಟರ್ ಬಂತು. ರೇಡಿಯೋದವರು ವಾರಕ್ಕೆ ಒಂದು ಗಂಟೆ ಕೊಟ್ಟರು. ಅತ್ತೆ ಬಂದವರಿಗೆಲ್ಲ “ನಮ್ಮ ಸೊಸೆ ಪತ್ರಿಕೆಯವಳು” ಎಂದು ಹೇಳತೊಡಗಿದಳು. ಮೀನುಸಾರು ಮಾತ್ರ ಎಣ್ಣೆ ಡಬ್ಬಗಳ ನಡುವೆಯೇ ಉಳಿಯಿತು.

ಜನ ಮೊದಲು ಬಿಡಿಸಿ ನೋಡುತ್ತಿದ್ದದ್ದು ಕೊನೆಯ ಪುಟ, ಊರಿಗೆ ಬರೆದ ಪತ್ರಗಳದು. ಫೋನ್ ಇರಲಿಲ್ಲವೇ ಎಂದು ಈಗಿನವರು ಕೇಳುತ್ತಾರೆ. ಇತ್ತು. ಆದರೆ ಫೋನಿನ ಮಾತು ಆಡಿದಲ್ಲಿಗೆ ಮುಗಿಯಿತು. ಅಚ್ಚಾದ ಹಾಳೆಯನ್ನು ಊರಿಗೆ ಹೋಗುವವರ ಚೀಲದಲ್ಲಿ ಕಳಿಸಿದರೆ ಅಮ್ಮಂದಿರು ಅದನ್ನು ಸತ್ತ ಹಿರಿಯರ ಪೀಠದ ಮೇಲೆ, ಊದುಬತ್ತಿಯ ಬಟ್ಟಲಿನ ಕೆಳಗೆ ಇಡುತ್ತಾರೆ. ಕರಾರಿನ ಮೇಲೆ ಕೆಲಸಕ್ಕೆ ಬಂದು, ಮಾಲೀಕರನ್ನು ಬಿಟ್ಟು ಓಡಿಹೋಗಿ ಬೆಟ್ಟದ ತೋಟಗಳಲ್ಲಿ ತಲೆಮರೆಸಿಕೊಂಡಿದ್ದವರಂತೂ ಮನೆಗೆ ಫೋನ್ ಮಾಡಲು ಹೆದರುತ್ತಿದ್ದರು. ಸಿಕ್ಕಿಬಿದ್ದರೆ ಪೊಲೀಸರು ಹಿಡಿದು ಊರಿಗೆ ಸಾಗಹಾಕುತ್ತಿದ್ದರು, ಅವರನ್ನು ಕೆಲಸಕ್ಕೆ ಕಳಿಸಿದ ದಲ್ಲಾಳಿಗಳು ಊರಿನಲ್ಲಿ ಅಮ್ಮನ ಮುಂದೆಯೇ ಹೋಗಿ ಕೂತಿರುತ್ತಿದ್ದರು. ಅಂಥವರಿಗೆ ಈ ಪುಟ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅಂಗಡಿಯವರ ಕೈಗೆ ಚೀಟಿ ಕೊಟ್ಟು ಹೋಗುತ್ತಿದ್ದರು, ನಾವು ಹೆಸರು ತೆಗೆದು ಹಾಕುತ್ತಿದ್ದೆವು.

“ಕೆ ಸಾಚಿನ ಏಳನೆಯವಳು ಅಂತ ಬರೆದ್ರೆ ಇಲ್ಲಿನ ಪೊಲೀಸರಿಗೆ ಏನು ತಿಳೀಬೇಕು ಹೇಳು, ಸಣ್ಣಿ. ಏಳು ಗಂಟೆ ಬಸ್ಸು ಅನ್ಕೋತಾರೆ” ಎಂದು ಹುಯೆ ಅಕ್ಕ ನಗುತ್ತಿದ್ದಳು. ಆ ನಿಯಮದ ಬಗ್ಗೆ ಅವಳಿಗೆ ಜಂಬವಿತ್ತು. ನನಗೂ ಇತ್ತು.

ಎರಡು ಸಾವಿರದ ಹನ್ನೊಂದರ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಪತ್ರ ಬಂತು. ಕೋಸಿನ ಬೀಜದ ಪೊಟ್ಟಣ ಬಿಚ್ಚಿ ಅದರ ಒಳಮೈಯಲ್ಲಿ ಬರೆದದ್ದು.

‘ಅಪ್ಪ, ನಾನು ಲಾಂಗ್ ಫೂವಿನ ಒಂಬತ್ತನೆಯವಳು. ಹತ್ತನೇ ತಿಂಗಳ ಹನ್ನೆರಡಕ್ಕೆ ನಿನ್ನ ಮೂರನೇ ತಿಥಿ. ಎರಡು ಸಲ ನಾನು ನಿನಗೆ ಅನ್ನ ಇಡಲಿಲ್ಲ. ಈ ಸಲ ಬೆಟ್ಟದಿಂದ ಇಳಿದು ಬರುತ್ತೇನೆ. ಕೆಳಗಿನ ಪೇಟೆಯಲ್ಲಿ ನಮ್ಮ ಕಡೆಯ ಸನ್ಯಾಸಿನಿಯಮ್ಮನ ಗುಡಿ ಇದೆ, ಬಸ್ ನಿಲ್ದಾಣದ ಹಿಂದೆ, ಹಸಿರು ತಗಡಿನ ಮಾಡು. ಬೆಳಿಗ್ಗೆ ಅಲ್ಲಿ ಇಡುತ್ತೇನೆ. ನೀನು ಊರ ಮನೆಯಲ್ಲಿ ಉಂಡು ಇಲ್ಲಿಗೂ ಬಾ.’

ಪೇಟೆಯ ಹೆಸರನ್ನೂ ಬರೆದಿದ್ದಳು. ನಾನು ಅದನ್ನು ಈಗಲೂ ಹೇಳುವುದಿಲ್ಲ. ಆದರೆ ಅವತ್ತು ಎಂಟು ಬೆರಳಲ್ಲಿ ಅದನ್ನು ಕುಟ್ಟಿದೆ. ನಮ್ಮಲ್ಲಿ ತಿಥಿಯ ದಿನ ಸತ್ತವರನ್ನು ಕರೆಯುವಾಗ ದಿನ, ಊರು, ಬೀದಿ, ಮನೆ ಎಲ್ಲವನ್ನೂ ಗಟ್ಟಿಯಾಗಿ ಹೇಳಿಯೇ ಕರೆಯುವುದು. ಹೇಳದಿದ್ದರೆ ಅವರು ದಾರಿ ತಪ್ಪಿ ಉಪವಾಸ ಹೋಗುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಬದುಕಿದವರ ವಿಳಾಸವನ್ನು ಕಂಡಲ್ಲಿ ಹೊಡೆದುಹಾಕುತ್ತಿದ್ದ ನನಗೆ ಸತ್ತವನಿಗೆ ಹೇಳಿದ ದಾರಿ ವಿಳಾಸ ಅನ್ನಿಸಲೇ ಇಲ್ಲ. ಹುಯೆ ಅಕ್ಕ ಕರಡು ಓದುವಾಗ ಕಣ್ಣು ಒರೆಸಿಕೊಂಡಳು. “ಇದನ್ನ ಮೇಲುಗಡೆ ಹಾಕು, ಚೌಕಟ್ಟು ಕಟ್ಟಿ” ಎಂದಳು. ನಾನು ಚೌಕಟ್ಟು ಕಟ್ಟಿದೆ.

ತಿಥಿಯ ದಿನ ಮಧ್ಯಾಹ್ನ ಗುಡಿಯ ಸನ್ಯಾಸಿನಿಯಮ್ಮ ಫೋನ್ ಮಾಡಿದರು. ಹುಡುಗಿ ಬೆಳಿಗ್ಗೆ ಬಂದಳಂತೆ. ಅನ್ನ, ಬೇಯಿಸಿದ ಮೊಟ್ಟೆ, ಒಂದು ಲೋಟ ಚಹಾ ಇಟ್ಟಳಂತೆ. ಊದುಬತ್ತಿ ಅರ್ಧವೂ ಉರಿದಿರಲಿಲ್ಲ, ನಾಲ್ಕು ಜನ ಪೊಲೀಸರು ಒಳಗೆ ಬಂದರು. ಹುಡುಗಿ ಹಿಂಬಾಗಿಲಿನಿಂದ ಓಡಿ ಕಾಂಕ್ರೀಟ್ ಮೋರಿಗೆ ಬಿದ್ದು ಮೊಣಕಾಲಿನ ಕೆಳಗೆ ಮುರಿದುಕೊಂಡಳು.

“ಅವರು ಹೇಗೆ ಬಂದ್ರು ಅಮ್ಮ?” ಎಂದು ಹುಯೆ ಅಕ್ಕ ಕೇಳಿದಳು.

“ಒಬ್ಬನ ಕೈಲಿ ನಿಮ್ಮ ಪತ್ರಿಕೆ ಇತ್ತು ಮಗಳೆ. ಕೊನೆ ಪುಟ ಮೇಲೆ ಬರೋ ಹಾಗೆ ಮಡಚಿದ್ರು.”

ಹುಯೆ ಅಕ್ಕ ಫೋನ್ ಇಟ್ಟು, ಆ ತಿಂಗಳ ಸಂಚಿಕೆ ತೆಗೆದು, ನಿಂತುಕೊಂಡೇ ಓದಿದಳು. ಒಂದು ಸಲ ಓದಿ ನನ್ನ ಕೈಗೆ ಕೊಟ್ಟಳು. ಚೌಕಟ್ಟಿನ ಒಳಗೆ ಪೇಟೆಯ ಹೆಸರು ಹಾಗೇ ಇತ್ತು. ಅಂಗಡಿಯ ಮುಂದೆ ಆ-ಕುನ್ ಯಾರದೋ ಸ್ಕೂಟರಿನ ಚಕ್ರ ಬಿಚ್ಚುತ್ತಾ ಹಾಡು ಗುನುಗುತ್ತಿದ್ದ.

ವಾರ ಕಳೆದು ಖಾಯ್ ಬಂದ. ಕೆಲಸಗಾರರನ್ನು ತರಿಸುವ ದಲ್ಲಾಳಿ ಕಚೇರಿಯೊಂದರಲ್ಲಿ ದುಭಾಷಿ. ನಮ್ಮವನೇ, ನಮ್ಮ ಜಿಲ್ಲೆಯವನೇ, ಎಲ್ಲರಿಗೂ ನಾಲ್ಕನೇ ಅಣ್ಣ. ಐದು ವರ್ಷದಿಂದ ಪತ್ರಿಕೆಗೆ ಅವರ ಕಚೇರಿಯ ಅರ್ಧ ಪುಟದ ಜಾಹೀರಾತು ತರುತ್ತಿದ್ದ, ಹಬ್ಬ ಬಂದರೆ ಹಣ್ಣಿನ ಬುಟ್ಟಿ ತರುತ್ತಿದ್ದ. ಅವತ್ತೂ ಬುಟ್ಟಿ ತಂದಿದ್ದ.

“ಎರಡನೇ ತಂಗಿ, ಮುಂದಿನ ತಿಂಗಳಿಂದ ಅರ್ಧ ಬೇಡ, ಪೂರ್ತಿ ಪುಟ ಹಾಕು.”

“ಲಾಂಗ್ ಫೂ ಹುಡುಗಿ ವಿಷಯ ಗೊತ್ತಾ ಅಣ್ಣ?”

“ಗೊತ್ತಿಲ್ದೆ ಏನು. ನಾನೂ ಲಾಂಗ್ ಫೂನವನೇ ಅಲ್ವಾ. ಎಂಟು ಮಕ್ಕಳನ್ನ ಹೆತ್ತು ಒಂಬತ್ತನೆಯವಳನ್ನ ಇಲ್ಲಿಗೆ ಕಳ್ಸಿರೋ ಮನೆ ನಮ್ಮೂರ ಕಾಲುವೆ ದಂಡೇಲಿ ಇರೋದು ಒಂದೇ. ಅವರಪ್ಪನ ಮೊದಲ ತಿಥಿ ಊಟ ನಾನೇ ಉಂಡು ಬಂದಿದೀನಿ. ಹಾಗಲಕಾಯಿ ಸಾರು ಚೆನ್ನಾಗಿ ಮಾಡ್ತಾರೆ.”

“ಪೊಲೀಸರಿಗೆ ನೀನೇ ಹೇಳಿದ್ಯಾ?”

“ನಾನೇನು ಹೇಳೋದು? ನೀನು ಅಚ್ಚು ಹಾಕಿದ್ದೆ, ನಾನು ಓದಿ ಹೇಳ್ದೆ. ಅವರಿಗೆ ನಮ್ಮ ಭಾಷೆ ಬರಲ್ಲ, ಪಾಪ.”

ಅವನು ಅದನ್ನು ವ್ಯಂಗ್ಯಕ್ಕೆ ಹೇಳಲಿಲ್ಲ. ನಾವೂ ಅವನೂ ಒಂದೇ ಉದ್ಯೋಗದವರು ಎಂಬ ಧಾಟಿಯಲ್ಲಿ, ಹಲ್ಲುಕಡ್ಡಿ ಹುಡುಕುತ್ತಾ ಹೇಳಿದ. ನಾನು ಬುಟ್ಟಿಯನ್ನು ಎತ್ತಿ ಅವನ ಸ್ಕೂಟರಿನ ಮೇಲೆ ಇಟ್ಟು ಬಂದೆ. ಏಳು ವರ್ಷ ಇಲ್ಲಿನವರ ಕಣ್ಣಿಗೆ ಬೀಳದ ಹಾಗೆ ಬಚ್ಚಿಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದೆವು. ನಮ್ಮವರ ಕಣ್ಣು ನಮಗೆ ಹೊಳೆದೇ ಇರಲಿಲ್ಲ.

ಮುಂದಿನ ಸಂಚಿಕೆಯ ಬಗ್ಗೆ ನನಗೂ ಅವಳಿಗೂ ಮೂರು ದಿನ ಜಗಳ. ಇದನ್ನು ಬರೆಯಬೇಕು ಎಂದು ಅವಳು, ಬೇಡವೆಂದು ನಾನು.

“ಬರೆದ್ರೆ ಇನ್ಮೇಲೆ ಯಾರೂ ಪತ್ರ ಕೊಡಲ್ಲ ಅಕ್ಕ. ಕೊನೆ ಪುಟ ಹೋದ್ರೆ ಪತ್ರಿಕೇನೇ ಹೋಯ್ತು. ಸುಮ್ನೆ ಇರೋಣ, ಇನ್ನು ಹುಷಾರಾಗಿರೋಣ.”

“ನೂರಾರು ಚೀಟಿ ಹಾಕಿದೀವಿ ಕಣೇ. ಯಾವ್ಯಾವುದ್ರಲ್ಲಿ ಏನೇನು ಉಳಿಸಿದೀವೋ ನಂಗೆ ಗೊತ್ತಿಲ್ಲ. ಅವರೆಲ್ಲ ಇನ್ನೂ ಅಲ್ಲೇ ಕೂತಿದಾರೆ.”

ಆ-ಕುನ್‌ಗೆ ನಮ್ಮ ಭಾಷೆ ಅರೆಬರೆ. ಹೆಂಡತಿಯ ಪತ್ರಿಕೆಯಲ್ಲಿ ಅವನು ಓದಬಲ್ಲದ್ದು ಸ್ಕೂಟರ್ ಜಾಹೀರಾತು ಒಂದೇ. ಅವನು ಎಣ್ಣೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. “ಬ್ರೇಕ್ ತಪ್ಪು ಕೂರಿಸಿ ಗಾಡಿ ಕಳ್ಸಿದೀನಿ ಅಂತ ಗೊತ್ತಾದ್ರೆ ನಾನು ಗಿರಾಕಿಗೆ ಫೋನ್ ಮಾಡ್ತೀನಿ. ಅಂಗಡಿ ಹೆಸರು ಕೆಡುತ್ತೆ ಅಂತ ಸುಮ್ನಿರೋಕಾಗುತ್ತಾ?” ಎಂದು ಮತ್ತೆ ಕೆಲಸಕ್ಕೆ ಹೋದ.

ಹುಯೆ ಅಕ್ಕ ಮುಖಪುಟದಲ್ಲೇ ಬರೆದಳು. ಏನು ಅಚ್ಚು ಹಾಕಿದೆವು, ಯಾರು ಓದಿದರು, ಹುಡುಗಿಗೆ ಏನಾಯಿತು. ಈ ಪುಟಕ್ಕೆ ಪತ್ರ ಬರೆದವರೆಲ್ಲ ಇರುವ ಜಾಗ ಬದಲಾಯಿಸಿ ಎಂದು. ಕೆಳಗೆ ತನ್ನ ಪೂರ್ತಿ ಹೆಸರು, ದಾಂಗ್ ಥಿ ಹುಯೆ, ಗ್ಯಾರೇಜಿನ ಬೀದಿ, ಬಾಗಿಲ ಸಂಖ್ಯೆ. ಆ ಪತ್ರಿಕೆಯಲ್ಲಿ ನಾವು ತಿಳಿದೇ ಅಚ್ಚು ಹಾಕಿದ ಮೊದಲ ವಿಳಾಸ ಅದು.

ನಾನು ಹೇಳಿದ ಹಾಗೆಯೇ ಆಯಿತು. ಮುಂದಿನ ತಿಂಗಳು ಹನ್ನೊಂದು ಪತ್ರ ಬಂತು, ಅದರ ಮುಂದಿನ ತಿಂಗಳು ಎರಡು, ಆಮೇಲೆ ಒಂದೂ ಇಲ್ಲ. ದಲ್ಲಾಳಿ ಕಚೇರಿಗಳ ಮರ್ಜಿಯಲ್ಲಿದ್ದ ಅಂಗಡಿಯವರು ಕಟ್ಟು ಬಿಚ್ಚದೆ ವಾಪಸ್ ಕೊಟ್ಟರು. ಮಾರ್ಕೆಟ್ಟಿನಲ್ಲಿ ಒಬ್ಬ ಹೆಂಗಸು ಎಲ್ಲರಿಗೂ ಕೇಳುವಂತೆ “ನೋಡ್ರೇ, ಪೊಲೀಸರ ಪೇಪರಿನವಳು ಬಂದ್ಲು” ಎಂದಳು. ಹುಯೆ ಅಕ್ಕ ಸೊಪ್ಪಿಗೆ ದುಡ್ಡು ಕೊಟ್ಟು ಮನೆಗೆ ಬಂದಳು. ಹೊಸ ವರ್ಷದ ಹಬ್ಬ ಕಳೆದ ಮೇಲೆ ಒಂದು ದಿನ ಕಂಪ್ಯೂಟರಿಗೆ ಬಟ್ಟೆ ಹೊದಿಸಿ, “ಸಾಕು ಸಣ್ಣಿ, ಇನ್ನೊಬ್ಬಳ ಕಾಲು ಮುರಿಯೋದು ಬೇಡ” ಎಂದಳು. ರೇಡಿಯೋವನ್ನೂ ಬಿಟ್ಟಳು. ಅವಳು ಕೆಟ್ಟ ಕೆಲಸವನ್ನು ನಿಲ್ಲಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾಳೆ ಎಂದು ನಾನೂ ನಂಬಿದೆ.

ಹುಡುಗಿಯನ್ನು ಆಗಲೇ ಊರಿಗೆ ಸಾಗಹಾಕಿದ್ದರು. ಆ ವರ್ಷ ಹತ್ತನೇ ತಿಂಗಳ ಹನ್ನೆರಡಕ್ಕೆ ನಾವಿಬ್ಬರೂ ವಿಮಾನ ಹತ್ತಿ ಲಾಂಗ್ ಫೂವಿನ ಕಾಲುವೆ ದಂಡೆಯ ಆ ಮನೆಗೆ ಹೋದೆವು. ನಮ್ಮಲ್ಲಿ ತಿಥಿಗೆ ಯಾರನ್ನೂ ಕರೆಯಬೇಕಾಗಿಲ್ಲ, ದಿನ ನೆನಪಿದ್ದವರು ಬರಬಹುದು. ಆ ದಿನ ನಮಗಿಂತ ಚೆನ್ನಾಗಿ ಯಾರಿಗೆ ನೆನಪಿರಬೇಕು.

ತಾಯಿ ಅಂಗಳದಲ್ಲಿ ಬಾಳೆಯೆಲೆ ಒರೆಸುತ್ತಿದ್ದಳು. “ಯಾರಮ್ಮ ನೀವು?”

“ತೈವಾನಿಂದ ಬಂದ್ವಿ ಅಮ್ಮ. ನಾನು ಆ ಪತ್ರಿಕೆಯವಳು.”

ತಾಯಿ ಕೈಯಲ್ಲಿದ್ದ ಎಲೆಯನ್ನು ಒರೆಸಿ ಮುಗಿಸಿದಳು. ಆಮೇಲೆ “ಕಾಲು ತೊಳ್ಕೊಂಡು ಒಳಗೆ ಬನ್ನಿ. ತಿಥಿ ದಿನ ಬಂದವರನ್ನ ಹೊರಗೆ ನಿಲ್ಲಿಸ್ಬಾರ್ದು” ಎಂದಳು. ಪೀಠದ ಮೇಲೆ ಗಂಡನ ಫೋಟೋ, ಮುಂದೆ ಊದುಬತ್ತಿಯ ಬಟ್ಟಲು, ಬಟ್ಟಲಿನ ಕೆಳಗೆ ನಾಲ್ಕು ಮಡಿಕೆಯ ನಮ್ಮ ಪತ್ರಿಕೆ. ನಾನು ಕಟ್ಟಿದ ಚೌಕಟ್ಟಿನ ಒಂದು ಮೂಲೆ ಕಾಣುತ್ತಿತ್ತು.

ಒಂಬತ್ತನೆಯವಳು ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತಿದ್ದಳು, ಒಂದು ಕಾಲು ಚಾಚಿಕೊಂಡು. ಮೂವತ್ತು ದಾಟಿರಲಿಕ್ಕಿಲ್ಲ. ಹುಯೆ ಅಕ್ಕ ಬಾಗಿಲಲ್ಲೇ ಅಳಲು ಶುರು ಮಾಡಿದಳು. ಆ ಹುಡುಗಿ ಒಂದು ಚಾಕು, ನಾಲ್ಕು ಹಾಗಲಕಾಯಿ ಅವಳ ಮುಂದೆ ತಳ್ಳಿದಳು.

“ಬೀಜ ತೆಗೀತೀರಾ? ಅಳೋದಾದ್ರೆ ಆಚೆ ಕೂತ್ಕೊಳ್ಳಿ. ಇಲ್ಲಿ ಕೆಲಸ ಇದೆ.”

ಹುಯೆ ಅಕ್ಕ ಕೂತು ಬೀಜ ತೆಗೆದಳು. ಬಾಯಿಗೆ ಬಂದದ್ದು ಒಂದೇ ಮಾತು. “ಪತ್ರಿಕೆ ಮುಚ್ಚಿಬಿಟ್ಟೆ ಕಣಮ್ಮ. ಇನ್ನು ಯಾರಿಗೂ ಹಾಗಾಗಲ್ಲ.”

ಹುಡುಗಿಯ ಕೈ ನಿಂತಿತು. “ಮುಚ್ಚಿದ್ರಾ? ಯಾವಾಗ?”

“ಹಬ್ಬ ಆದ್ಮೇಲೆ.”

“ಯಾರನ್ನ ಕೇಳಿ ಮುಚ್ಚಿದ್ರಿ?”

ಅವಳು ತನ್ನ ಕೈಯ ಚಾಕು ಕೆಳಗಿಟ್ಟು ಹೇಳಿದಳು. “ತೋಟದಲ್ಲಿ ಒಬ್ಳು ಇದ್ಲು, ಚಾ ಓನ್ ಕಡೆಯವಳು, ಐದನೆಯವಳು. ಎರಡು ಚಳಿಗಾಲ ನಮ್ಮಿಬ್ಬರಿಗೂ ಒಂದೇ ಹೊದಿಕೆ. ಅವತ್ತು ಅವಳೂ ಇಳೀಬೇಕಿತ್ತು, ಜ್ವರ ಅಂತ ಉಳಿದ್ಲು. ನಾನು ಸತ್ತೆ ಅನ್ಕೊಂಡಿದಾಳೋ, ಅವಳನ್ನೂ ಹಿಡ್ಕೊಟ್ಟೆ ಅನ್ಕೊಂಡಿದಾಳೋ. ನನ್ನ ಫೋನ್ ಪೊಲೀಸರ ಹತ್ರ ಹೋಯ್ತು. ಅವಳು ತಿಂಗಳಿಗೊಂದು ನಂಬರ್ ಬದಲಾಯಿಸ್ತಾಳೆ. ನಿಮ್ಮ ಪೇಪರ್ ಮಾತ್ರ ತಪ್ಪದೆ ಓದ್ತಿದ್ಲು. ಯಾರಾದ್ರೂ ಊರಿಗೆ ಬಂದ್ರೆ ಅವರ ಕೈಲಿ ನಿಮಗೆ ಒಂದು ಚೀಟಿ ಕಳಿಸ್ಬೇಕು ಅಂತ ವರ್ಷದಿಂದ ಕಾಯ್ತಿದೀನಿ. ನೀವು ನೋಡಿದ್ರೆ ಮುಚ್ಚಿ ಕೂತಿದೀರಿ.”

ಕೋಪಕ್ಕಾದರೂ ನಾವು ಸಿದ್ಧರಾಗಿ ಹೋಗಿದ್ದೆವು. ಇದಕ್ಕೆ ಸಿದ್ಧರಿರಲಿಲ್ಲ. ಊಟಕ್ಕೆ ಕೂತಾಗ ಆ ಹಾಗಲಕಾಯಿ ಸಾರನ್ನು ಖಾಯ್ ಹೊಗಳಿದ್ದು ನೆನಪಾಗಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ಹೊರಡುವಾಗ ಹುಡುಗಿ ಒಂದು ಚೀಟಿ ಕೊಟ್ಟಳು, ಎರಡೂ ಮಗ್ಗುಲು ತುಂಬಾ ಬರೆದದ್ದು.

ಗಾಂಗ್‌ಶಾನಿಗೆ ಬಂದು ಹುಯೆ ಅಕ್ಕ ಕಂಪ್ಯೂಟರಿನ ಬಟ್ಟೆ ತೆಗೆದಳು. ಒಂದೇ ಹಾಳೆ, ಒಂದೇ ಪತ್ರ. ಇಬ್ಬರೂ ಪಕ್ಕ ಪಕ್ಕ ಕೂತು ಒಂದೊಂದು ಮಾತನ್ನೂ ಜರಡಿ ಹಿಡಿದೆವು. ಬೆಟ್ಟ ಹೋಯಿತು, ಕೋಸು ಹೋಯಿತು, ಜ್ವರ ಹೋಯಿತು, ಲಾಂಗ್ ಫೂ, ಚಾ ಓನ್ ಹೋದವು. ಕೊನೆಗೆ ಅವಳು ಐದನ್ನೂ ಒಂಬತ್ತನ್ನೂ ಹೊಡೆದುಹಾಕಿದಳು.

“ಅಕ್ಕ, ಯಾರು ಯಾರಿಗೆ ಬರೆದದ್ದು ಅಂತ ಹೇಗೆ ಗೊತ್ತಾಗುತ್ತೆ?”

“ಹೊದಿಕೆ ಹಂಚ್ಕೊಂಡವಳಿಗೆ ಗೊತ್ತಾಗುತ್ತೆ.”

ಉಳಿದದ್ದು ಇಷ್ಟು: ‘ನಾನು ಬದುಕಿದ್ದೇನೆ. ಮೆಲ್ಲಗೆ ನಡೆಯುತ್ತೇನೆ. ಅವತ್ತು ನೀನು ಬರದೆ ಇದ್ದದ್ದೇ ಒಳ್ಳೆಯದಾಯಿತು. ಹೊದಿಕೆ ನೀನೇ ಇಟ್ಟುಕೋ.’ ಕೆಳಗೆ ಹುಯೆ ಅಕ್ಕನ ಹೆಸರು, ವಿಳಾಸ. ಮತ್ತೆ ಸ್ಕೂಟರ್ ಹತ್ತಿ ಅಂಗಡಿ ಅಂಗಡಿಗೆ ಹೋಗಿ ಇಟ್ಟು ಬಂದೆವು. ಒಬ್ಬರು ತೆಗೆದುಕೊಂಡರೆ ಇಬ್ಬರು ಬಾಗಿಲಲ್ಲೇ ಬೇಡವೆಂದರು.

ಹದಿನೈದು ದಿನಕ್ಕೆ ಗ್ಯಾರೇಜಿನ ಮುಂದೆ ಮೀನು ಕಾರ್ಖಾನೆಯ ಒಬ್ಬ ಹೆಂಗಸು ಬಂದು ನಿಂತಳು, ಹಾಳೆ ಹಿಡಿದುಕೊಂಡು. “ಅಕ್ಕ, ಇದು ನನಗೆ ಬರೆದದ್ದಾ?” ಅವಳ ಗೆಳತಿಯೊಬ್ಬಳು ಮೂರು ವರ್ಷದ ಹಿಂದೆ ಕಾಣೆಯಾದವಳು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಮುದುಕರನ್ನು ನೋಡಿಕೊಳ್ಳುವವಳು. ಆಮೇಲೆ ಹೊಲಿಗೆಯವಳು, ಅಕ್ಕತಂಗಿಯರಿಬ್ಬರು, ತನ್ನ ಹೆಂಡತಿಯೇ ಬರೆದಿರಬೇಕು ಎನ್ನುವ ಒಬ್ಬ ಗಂಡಸು. ಹೊದಿಕೆ ಹಂಚಿಕೊಂಡವರು ಇಷ್ಟು ಜನ ಇರುತ್ತಾರೆ ಎಂದು ನಮಗೆ ಗೊತ್ತಿರಲಿಲ್ಲ. ಹುಯೆ ಅಕ್ಕ ಯಾರಿಗೂ ಹೌದು ಎನ್ನುವುದಿಲ್ಲ, ಅಲ್ಲ ಎನ್ನಲೂ ಅವಳಿಗೆ ಬಾಯಿ ಬರುವುದಿಲ್ಲ. ಸ್ಟೂಲು ಎಳೆದು ಕೂರಿಸಿ, ಅವರು ಹೇಳಿದ್ದನ್ನು ಬರೆದುಕೊಂಡು, ತಿಂಗಳಿಗೊಂದು ಹಾಳೆ ಹೊರತರುತ್ತಾಳೆ. 

ನಾನು ಕುಟ್ಟುತ್ತೇನೆ. ಬಾಗಿಲಲ್ಲಿ ಹೊಸ ಮುಖ ಕಂಡಾಗಲೆಲ್ಲ ಅವಳು ಪೆನ್ನು ಕೆಳಗಿಟ್ಟು, ಯಾವ ಊರು ಎಂದು ಕೇಳುವ ಮುಂಚೆ ಒಂದು ಗಳಿಗೆ ತಡೆಯುತ್ತಾಳೆ. ಚಾ ಓನ್, ಐದನೆಯವಳು ಎಂದು ಇವತ್ತಿನವರೆಗೆ ಯಾರೂ ಹೇಳಿಲ್ಲ.